ಸೋನಿ ಎರಿಕ್ಸನ್ ಡಬ್ಲ್ಯು300ಐ: ಹಳೇ ವಾಕ್‌ಮನ್ ಫ್ಲಿಪ್‌ನಲ್ಲಿ ಹಾಡು ಕೇಳುವುದು ಹೇಗೆ

2006ರ ಈ ಮಡಚುವ ಫೋನಿನ ವಿಜಿಎ ಕ್ಯಾಮೆರಾದಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಹಾಡಿನ ವಿಷಯದಲ್ಲಿ ಮಾತ್ರ ಇದು ಇಂದಿಗೂ ಸೊಗಸು.

ಮೊದಲು ಬೇಕಾದ್ದು ಮೆಮೊರಿ ಸ್ಟಿಕ್ ಮೈಕ್ರೋ, ಅಂದರೆ ಎಂ2 ಕಾರ್ಡ್. ಮೈಕ್ರೋ ಎಸ್‌ಡಿ ಇದರಲ್ಲಿ ಕೂರುವುದಿಲ್ಲ. ಒತ್ತಿ ತುರುಕಿದರೆ ಸ್ಲಾಟಿನ ಪಿನ್ನು ಬಾಗಬಹುದು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ಹಿಡಿಯುವುದರಿಂದ 256 ಎಂಬಿ ಕಾರ್ಡಿನಲ್ಲಿ ನಾಲ್ಕು ಗಂಟೆಯಷ್ಟು ಹಾಡು ಹಿಡಿಸುತ್ತದೆ.

ಯುಎಸ್‌ಬಿ ಕೇಬಲ್ ಜೋಡಿಸಿ ಫೈಲ್ ಟ್ರಾನ್ಸ್‌ಫರ್ ಆರಿಸಿ, ಹಾಡುಗಳನ್ನು ಕಾರ್ಡಿಗೆ ಹಾಕಿ. ಕಂಪ್ಯೂಟರಿನಲ್ಲಿ ಇಜೆಕ್ಟ್ ಮಾಡದೆ ಕೇಬಲ್ ಕಿತ್ತರೆ ಕಾರ್ಡಿನ ಫೈಲ್‌ಗಳು ಕೆಡುವ ಅಪಾಯವಿದೆ. ಹಾಕುವ ಮೊದಲೇ ಹಾಡಿನ ಟ್ಯಾಗ್ (ಫೈಲ್‌ನೊಳಗಿನ ಹಾಡಿನ ಹೆಸರು, ಗಾಯಕರ ಹೆಸರು ಇತ್ಯಾದಿ ವಿವರ) ತುಂಬಿಸಿ, ಇಲ್ಲವಾದರೆ ಗಾಯಕರ ಪಟ್ಟಿಯಲ್ಲಿ ಹುಡುಕುವುದು ಕಷ್ಟ.

ಒಂದೇ ಕಿವಿಗೆ ಹಾಡು ಕೇಳಿಸುತ್ತಿದೆಯೇ? ಹೆಡ್‌ಸೆಟ್ ಎಸೆಯಬೇಡಿ. ಇದಕ್ಕೆ ದುಂಡು ಜ್ಯಾಕ್ ಇಲ್ಲ, ಚಪ್ಪಟೆ ಫಾಸ್ಟ್ ಪೋರ್ಟ್ ಇದೆ. ಅದರ ಸಣ್ಣ ಲೋಹದ ಪಟ್ಟಿಗಳಿಗೆ ಕೊಳೆ ಕೂತಾಗ ಸಂಪರ್ಕ ತಪ್ಪುತ್ತದೆ. ಬ್ಯಾಟರಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಹಚ್ಚಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ರೇಡಿಯೊ ಕೇಳಲೂ ಹೆಡ್‌ಸೆಟ್ ಸಿಕ್ಕಿಸಿರಲೇಬೇಕು, ಅದರ ವೈರೇ ಆಂಟೆನಾ.

ಮುಚ್ಚಳ ತೆರೆಯುವಾಗ ಪರದೆ ಮಿನುಗಿದರೆ ಕೀಲಿನೊಳಗಿನ ಫ್ಲೆಕ್ಸ್ ಕೇಬಲ್ (ಪರದೆಗೆ ಹೋಗುವ ತೆಳು, ಬಾಗುವ ಪಟ್ಟಿ ವೈರು) ಸವೆದಿರುವ ಸಾಧ್ಯತೆಯೇ ಹೆಚ್ಚು. ಅದು ಪೂರ್ತಿ ಹರಿಯುವ ಮೊದಲೇ ಫೋನಿನಲ್ಲಿರುವ ನಂಬರುಗಳನ್ನು ಬೇರೆಡೆ ಉಳಿಸಿಕೊಳ್ಳಿ.