ತ್ರಯೈಕ್ಯವನ್ನು ಅರ್ಥಮಾಡಿಕೊಳ್ಳುವ ಬಗೆ: ಏಳು ವಾಕ್ಯ, ಎರಡು ಪ್ರಶ್ನೆ

ತ್ರಯೈಕ್ಯ ಎಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿದ್ದಾನೆ ಎಂಬ ಕ್ರೈಸ್ತ ಬೋಧನೆ. ಅದು ತಲೆಗೆ ಹತ್ತದಿರುವುದಕ್ಕೆ ಮುಖ್ಯ ಕಾರಣ, ಹೆಚ್ಚಿನವರು ಅದನ್ನು ಹೋಲಿಕೆಯಿಂದ ಶುರು ಮಾಡುವುದು. ನೀರು, ಮಂಜುಗಡ್ಡೆ, ಆವಿ ಎಂದು ಹೇಳಿಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಆ ಹೋಲಿಕೆ ಕಲಿಸುವುದು ಕ್ರೈಸ್ತ ಸಭೆ ಮೂರನೆಯ ಶತಮಾನದಲ್ಲೇ ತಳ್ಳಿಹಾಕಿದ ಬೋಧನೆಯನ್ನು. ಹೋಲಿಕೆಗಳು ಕಡೆಗಿರಲಿ. ಮೊದಲು ಒಂದು ಹಾಳೆ ತೆಗೆದುಕೊಂಡು ಈ ಏಳು ವಾಕ್ಯ ಬರೆಯಿರಿ:

ತಂದೆ ದೇವರು. ಮಗನು ದೇವರು. ಪವಿತ್ರಾತ್ಮನು ದೇವರು. ತಂದೆ ಮಗನಲ್ಲ. ಮಗನು ಪವಿತ್ರಾತ್ಮನಲ್ಲ. ಪವಿತ್ರಾತ್ಮನು ತಂದೆಯಲ್ಲ. ದೇವರು ಒಬ್ಬನೇ.

ಸಿದ್ಧಾಂತದ ಎಲುಬುಗೂಡು ಇಷ್ಟೇ. ಮಧ್ಯಯುಗದ ಯೂರೋಪಿನಲ್ಲಿ ಇದನ್ನೇ ಗುರಾಣಿಯ ಚಿತ್ರವಾಗಿ ಬಿಡಿಸುತ್ತಿದ್ದರು: ಮೂರು ಮೂಲೆಗಳಲ್ಲಿ ಮೂವರ ಹೆಸರು, ನಡುವೆ ದೇವರು, ಅಂಚಿನ ಗೆರೆಗಳ ಮೇಲೆ ‘ಅಲ್ಲ’, ಒಳಗೆರೆಗಳ ಮೇಲೆ ‘ಹೌದು’. ಯಾವ ವಾಕ್ಯ ಬಿಟ್ಟುಹೋಯಿತು ಎಂದು ನೋಡಿದರೆ ಯಾವ ತಪ್ಪು ನುಸುಳಿತು ಎಂದು ತಿಳಿಯುತ್ತದೆ. ಎರಡನೆಯದನ್ನು ಬಿಟ್ಟವನು ನಾಲ್ಕನೆಯ ಶತಮಾನದ ಪಾದ್ರಿ, ಅಲೆಕ್ಸಾಂಡ್ರಿಯದ ಏರಿಯಸ್. ಅವನ ಪ್ರಕಾರ ಮಗನು ಎಲ್ಲಕ್ಕಿಂತ ಶ್ರೇಷ್ಠ, ಆದರೂ ಸೃಷ್ಟಿಯೇ. ನಡುವಿನ ಮೂರನ್ನು ಬಿಟ್ಟರೆ ಮೂರನೆಯ ಶತಮಾನದ ಬೋಧಕ ಸಬೆಲ್ಲಿಯಸ್‌ನ ವಾದ: ಒಬ್ಬನೇ ಮೂರು ವೇಷಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಏಳನೆಯದನ್ನು ಬಿಟ್ಟರೆ ಮೂರು ದೇವರುಗಳಾಗುತ್ತಾರೆ.

ಈ ವಾಕ್ಯಗಳನ್ನು ಯಾರೋ ಕೂತು ಕಲ್ಪಿಸಿದ್ದಲ್ಲ. ‘ತ್ರಯೈಕ್ಯ’ ಎಂಬ ಪದ ಬೈಬಲಿನಲ್ಲಿಲ್ಲ, ನಿಜ. ಪದ ಬರುವ ಮೊದಲೇ ಒತ್ತಡ ಅಲ್ಲಿತ್ತು. ಧರ್ಮೋಪದೇಶಕಾಂಡ 6:4 ಓದಿ: ದೇವರು ಒಬ್ಬನೇ. ಆಮೇಲೆ ಯೋಹಾನ 1:1 ಮತ್ತು 20:28. ಅಲ್ಲಿ ಮಗನನ್ನು ದೇವರೆಂದು ಕರೆದಿದೆ. ಅಪೊಸ್ತಲರ ಕೃತ್ಯಗಳು 5:3–4ರಲ್ಲಿ ಪವಿತ್ರಾತ್ಮನಿಗೆ ಸುಳ್ಳು ಹೇಳುವುದೂ ದೇವರಿಗೆ ಸುಳ್ಳು ಹೇಳುವುದೂ ಒಂದೇ. ಮತ್ತಾಯ 3:16–17ರಲ್ಲಿ ಮಗನು ನೀರಿನಿಂದ ಮೇಲೆ ಬರುತ್ತಾನೆ, ಆತ್ಮನು ಇಳಿಯುತ್ತಾನೆ, ಆಕಾಶದಿಂದ ತಂದೆಯ ಮಾತು ಕೇಳಿಸುತ್ತದೆ. ಮೂವರೂ ಒಂದೇ ಗಳಿಗೆಯಲ್ಲಿ ಇರುವಾಗ ವೇಷದ ವಾದ ನಿಲ್ಲುವುದಿಲ್ಲ. ಕೊನೆಗೆ ಮತ್ತಾಯ 28:19: ಮೂವರ ಉಲ್ಲೇಖವಿದ್ದರೂ ‘ಹೆಸರು’ ಏಕವಚನದಲ್ಲಿದೆ. ಹಳೆಯ ಕೆಲವು ಭಾಷಾಂತರಗಳು 1 ಯೋಹಾನ 5:7ರಲ್ಲಿ ಮೂವರನ್ನೂ ನೇರವಾಗಿ ಹೆಸರಿಸುತ್ತವೆ. ಆ ಸಾಲು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ, ಅದನ್ನು ನೆಚ್ಚಬೇಡಿ.

ಈಗ ಲೆಕ್ಕದ ತೊಡಕು. ಮೂರೂ ಒಂದೂ ಹೇಗೆ ಸಮ? ಸಮವೆಂದು ಸಿದ್ಧಾಂತ ಹೇಳುವುದೇ ಇಲ್ಲ. ಎಣಿಸುವ ವಸ್ತು ಬೇರೆ ಬೇರೆ. ‘ಏನು?’ ಎಂದು ಕೇಳಿದರೆ ಉತ್ತರ ಒಂದು: ದೇವರು. ‘ಯಾರು?’ ಎಂದು ಕೇಳಿದರೆ ಉತ್ತರ ಮೂರು: ತಂದೆ, ಮಗ, ಪವಿತ್ರಾತ್ಮ. ಗ್ರೀಕಿನಲ್ಲಿ ಮೊದಲನೆಯದಕ್ಕೆ ಊಸಿಯ, ಎರಡನೆಯದಕ್ಕೆ ಹೈಪೋಸ್ಟಾಸಿಸ್ ಎಂಬ ಪದ ನೆಲೆಯಾಯಿತು. ಕ್ರಿ.ಶ. 325ರಲ್ಲಿ ಬಿಷಪರು ಸೇರಿದ ನೈಸೀಯ ಮಹಾಸಭೆಯ ಪ್ರಮಾಣವನ್ನು (ನಂಬಿಕೆಯ ಅಧಿಕೃತ ಹೇಳಿಕೆಯನ್ನು) ನೇರವಾಗಿ ಓದುವವರು ಇಲ್ಲಿ ಮುಗ್ಗರಿಸುತ್ತಾರೆ; ಅದರ ಕೊನೆಯ ಖಂಡನೆಯಲ್ಲಿ ಎರಡೂ ಪದ ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿವೆ. ಅವನ್ನು ಬಿಡಿಸಿ ಬಳಸುವ ರೂಢಿ ಗಟ್ಟಿಯಾದದ್ದು ಆಮೇಲೆ, ಬೆಸಿಲ್, ನಜಿಯಾನ್ಜಸ್‌ನ ಗ್ರೆಗರಿ, ನಿಸ್ಸದ ಗ್ರೆಗರಿ ಈ ಮೂವರು ಬಿಷಪರ ಕೆಲಸದಿಂದ.

ಕನ್ನಡದಲ್ಲಿ ‘ಮೂರು ವ್ಯಕ್ತಿಗಳು’ ಎನ್ನುವಾಗ ಎಚ್ಚರ ಬೇಕು. ವ್ಯಕ್ತಿ ಎಂದೊಡನೆ ತನ್ನದೇ ಮನಸ್ಸು, ತನ್ನದೇ ಇಚ್ಛೆಯಿರುವ ಬೇರೆ ಬೇರೆ ಮೂವರು ಕಣ್ಣಮುಂದೆ ನಿಲ್ಲುತ್ತಾರೆ. ಇಲ್ಲಿ ಇಚ್ಛೆ ಒಂದೇ. ‘ಮೂರು ರೂಪಗಳು’ ಎಂದರೆ ಸಬೆಲ್ಲಿಯಸ್ ಒಳಗೆ ಬಂದ. ‘ಮೂರು ಅಂಶಗಳು’ ಎಂದರೆ ದೇವರು ತುಂಡಾದ. ‘ತ್ರಿಮೂರ್ತಿ’ಯೂ ಹೊಂದುವುದಿಲ್ಲ, ಏಕೆಂದರೆ ಆ ಪದದೊಡನೆ ಸೃಷ್ಟಿ, ಸ್ಥಿತಿ, ಲಯ ಎಂಬ ಕೆಲಸದ ಹಂಚಿಕೆ ಬರುತ್ತದೆ, ಇಲ್ಲಿ ಕೆಲಸ ಹಂಚಿಹೋಗಿಲ್ಲ. ಪವಿತ್ರಾತ್ಮನನ್ನು ‘ಅದು’ ಎಂದು ಶಕ್ತಿಯ ಹಾಗೆ ಹೇಳುವುದೂ ಜಾರುವ ಜಾಗವೇ. ಎಫೆಸ 4:30ರ ಪ್ರಕಾರ ಆತನನ್ನು ದುಃಖಪಡಿಸಲು ಸಾಧ್ಯ.

ಕೆಲಸ ಹಂಚಿಹೋಗಿಲ್ಲ ಎಂಬುದರ ಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ದೊಡ್ಡ ಆಕ್ಷೇಪಕ್ಕೆ ಉತ್ತರ ಇಲ್ಲಿದೆ. ಮೂವರು ಮನುಷ್ಯರಲ್ಲೂ ಇರುವುದು ಒಂದೇ ಮನುಷ್ಯತ್ವ; ಆದರೂ ಅವರನ್ನು ಮೂವರು ಮನುಷ್ಯರು ಎನ್ನುತ್ತೇವೆ. ಹಾಗಾದರೆ ಇವರು ಮೂರು ದೇವರುಗಳೇಕಲ್ಲ? ನಿಸ್ಸದ ಗ್ರೆಗರಿ ಅಬ್ಲಾಬಿಯಸ್ ಎಂಬವನಿಗೆ ಬರೆದ ಪತ್ರದ ವಿಷಯ ಇದೇ. ಮೂವರು ಮನುಷ್ಯರು ಒಂದೇ ಕಸುಬು ಮಾಡಿದರೂ ಅವರವರ ಕೆಲಸ ಅವರವರದು. ದೇವರ ಪ್ರತಿಯೊಂದು ಕ್ರಿಯೆಯಾದರೋ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣಗೊಳ್ಳುವ ಒಂದೇ ಕ್ರಿಯೆ. ‘ತಂದೆ ಸೃಷ್ಟಿಸಿದ, ಮಗ ರಕ್ಷಿಸಿದ, ಆತ್ಮ ಶುದ್ಧೀಕರಿಸಿದ’ ಎಂದು ಕಲಿಸುವಾಗ ಇದು ನೆನಪಿರಬೇಕು. ಅದು ಒತ್ತಿನ ವ್ಯತ್ಯಾಸವೇ ಹೊರತು ಪಾಳಿಯಲ್ಲ.

ಸ್ವಭಾವ ಒಂದು, ಇಚ್ಛೆ ಒಂದು, ಕ್ರಿಯೆ ಒಂದು ಎಂದ ಮೇಲೆ ಮೂವರಲ್ಲಿ ಬೇರೆಯಾದದ್ದು ಏನು? ಮೂಲದ ಸಂಬಂಧ ಮಾತ್ರ. ತಂದೆ ಯಾರಿಂದಲೂ ಹುಟ್ಟಿದವನಲ್ಲ, ಮಗನು ತಂದೆಯಿಂದ ಹುಟ್ಟಿದವನು, ಆತ್ಮನು ಹೊರಡುವವನು. ‘ಹುಟ್ಟಿದ’ ಎಂಬಲ್ಲಿ ಕಾಲವನ್ನು ಸೇರಿಸಬೇಡಿ, ಏರಿಯಸ್ ಎಡವಿದ್ದು ಅಲ್ಲೇ: ಹುಟ್ಟಿದ್ದರೆ ಇಲ್ಲದಿದ್ದುದೂ ಉಂಟು ಎಂದು ಅವನು ವಾದಿಸಿದ. ನೈಸೀಯದ ಉತ್ತರ: ಹುಟ್ಟಿದವನು, ಸೃಷ್ಟಿಯಾದವನಲ್ಲ, ತಂದೆಯೊಂದಿಗೆ ಒಂದೇ ಸತ್ವದವನು. ಆತ್ಮನ ಕುರಿತ ಭಾಗ ಬೆಳೆದದ್ದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಪ್ರಮಾಣದಲ್ಲಿ. ಅಲ್ಲಿ ಆತ್ಮನು ‘ತಂದೆಯಿಂದ’ ಹೊರಡುವವನು. ‘ಮಗನಿಂದಲೂ’ ಎಂಬುದು ಪಶ್ಚಿಮದ ಸಭೆ ನಂತರ ಸೇರಿಸಿದ ಮಾತು, ಪೂರ್ವದ ಸಭೆಗಳು ಅದನ್ನು ಒಪ್ಪಲಿಲ್ಲ. ನೀವು ಓದುತ್ತಿರುವ ಪ್ರಮಾಣದಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಈಗ ಹೋಲಿಕೆಗಳನ್ನು ತನ್ನಿ, ಏಳು ವಾಕ್ಯಗಳ ಮುಂದೆ ನಿಲ್ಲಿಸಿ. ನೀರು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಸ್ಥಿತಿಗೆ ಬರುತ್ತದೆ: ಸಬೆಲ್ಲಿಯಸ್. 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೀರ ಕಡಿಮೆ ಒತ್ತಡದಲ್ಲಿ ಮೂರು ಸ್ಥಿತಿಗಳೂ ಒಟ್ಟಿಗಿರುತ್ತವಲ್ಲ ಎಂದು ವಿಜ್ಞಾನ ಓದಿದವರು ಕೇಳಬಹುದು. ಆಗಲೂ ಮಂಜಾಗಿರುವ ನೀರು ಒಂದು ಪಾಲು, ಆವಿಯಾಗಿರುವುದು ಇನ್ನೊಂದು ಪಾಲು, ತಪ್ಪು ಬದಲಾಯಿತಷ್ಟೆ. ಮೊಟ್ಟೆಯ ಚಿಪ್ಪು, ಬಿಳಿ, ಹಳದಿಯೂ ಪಾಲುಗಳೇ. ಚಿಪ್ಪೊಂದೇ ಮೊಟ್ಟೆಯಲ್ಲ, ಆದರೆ ಮಗನು ಪೂರ್ಣ ದೇವರು. ಒಬ್ಬನೇ ಗಂಡಸು ಮಗ, ಗಂಡ, ಅಪ್ಪನಾಗಿರುವ ಹೋಲಿಕೆಯೂ ಸಬೆಲ್ಲಿಯಸ್‌ನದೇ. ‘ಬೆಳಕಿನಿಂದ ಬಂದ ಬೆಳಕು’ ಎಂಬುದು ಪ್ರಮಾಣದಲ್ಲೇ ಇದೆ, ಮೂಲವನ್ನೂ ಸಮಾನತೆಯನ್ನೂ ಚೆನ್ನಾಗಿ ತೋರಿಸುತ್ತದೆ, ‘ಯಾರು?’ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುವುದಿಲ್ಲ. ಪಶ್ಚಿಮದ ಸಭೆಯ ಚಿಂತಕ ಅಗಸ್ಟೀನ್ ಕೊಟ್ಟ ನೆನಪು, ಅರಿವು, ಇಚ್ಛೆ ಎಂಬ ಹೋಲಿಕೆ ಎಲ್ಲಕ್ಕಿಂತ ಸೂಕ್ಷ್ಮ. ಆದರೂ ಆ ಮೂರು ಒಬ್ಬ ಮನುಷ್ಯನಲ್ಲಿರುವವು, ಮೂವರಲ್ಲ; ಈ ಕೊರತೆಯನ್ನು ಅವನೇ ಒಪ್ಪಿಕೊಂಡಿದ್ದಾನೆ.

ಇಷ್ಟಾದ ಮೇಲೆ ಕಷ್ಟದ ವಚನವೊಂದನ್ನು ಎತ್ತಿಕೊಳ್ಳಿ. ಯೋಹಾನ 14:28ರಲ್ಲಿ ತಂದೆ ತನಗಿಂತ ದೊಡ್ಡವನು ಎಂದು ಯೇಸು ಹೇಳುತ್ತಾನೆ. ಪರಂಪರೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಅಗಸ್ಟೀನ್ ಇದನ್ನು ಮನುಷ್ಯನಾದ ಯೇಸುವಿನ ಮಾತಾಗಿ ಓದುತ್ತಾನೆ. ನಜಿಯಾನ್ಜಸ್‌ನ ಗ್ರೆಗರಿಗೆ ಅದು ಸಾಲದು. ದೇವರು ಮನುಷ್ಯನಿಗಿಂತ ದೊಡ್ಡವನು ಎಂದು ಹೇಳುವುದರಲ್ಲಿ ಏನು ಹೆಚ್ಚುಗಾರಿಕೆ? ಅವನ ಪ್ರಕಾರ ‘ದೊಡ್ಡವನು’ ಎಂಬುದು ಮೂಲವನ್ನು ಕುರಿತದ್ದು, ಸಮಾನತೆ ಸ್ವಭಾವವನ್ನು ಕುರಿತದ್ದು. ಇವೆರಡನ್ನೂ ಹಿಡಿದು ಮಾರ್ಕ 13:32ಕ್ಕೆ ಹೋಗಿ. ಲೋಕಾಂತ್ಯದ ಆ ದಿನದ ವಿಷಯ ಮಗನಿಗೂ ತಿಳಿಯದು ಎನ್ನುವ ಆ ವಚನದಲ್ಲಿ ಎರಡನೆಯ ಉತ್ತರ ಅಷ್ಟು ಸಲೀಸಾಗಿ ಕೂರುವುದಿಲ್ಲ.