ಸರ್ವರ್ ಆಗಾಗ ಹ್ಯಾಂಗ್ ಆಗ್ತೈತಾ? ಬಟನ್ ಒತ್ತೋಕ್ ಮುಂಚೆ ಇಷ್ಟು ನೋಡ್ರಿ

ದಾವಣಗೆರೆ ಎಪಿಎಂಸಿ ಅಂಗಡಿಗಳಲ್ಲಿ, ರೈಸ್ ಮಿಲ್ ಆಫೀಸುಗಳಲ್ಲಿ ಸರ್ವರ್ ಅಂದ್ರೆ ಟೇಬಲ್ ಕೆಳಗೆ ಕೂತಿರೋ ಒಂದು ಕಪ್ಪು ಡಬ್ಬ. ಒಳಗೆ ವಿಂಡೋಸು, ಟ್ಯಾಲಿ ಡೇಟಾ, ಅದಕ್ಕೆ ನಾಲ್ಕೈದು ಸಿಸ್ಟಮ್ ಕನೆಕ್ಟು. ಯಾವಾಗ್ಲೋ ಒಂದ್ಸಲ ನಿಂತ್ಕಂಬಿಡುತ್ತೆ, ಆಗ ಎಲ್ಲಾರೂ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಆನ್ ಮಾಡಿ "ಸರಿ ಹೋತು ಬಿಡ್ರಿ" ಅಂತಾರೆ, ಮುಂದಿನ ವಾರ ಮತ್ತೆ ಅದೇ ಕತೆ. ಒಬ್ರು ಬಂದು ರ‍್ಯಾಮ್ ಬದಲಾಯಿಸ್ತಾರೆ, ಇನ್ನೊಬ್ರು ಫಾರ್ಮ್ಯಾಟ್ ಹೊಡೀತಾರೆ, ಮೂರ್ನೇಯವ್ರು ಹೊಸ ಯುಪಿಎಸ್ ಮಾರಿ ಹೋಗ್ತಾರೆ. ಅದು ನಿಂತಿದ್ದಾಗ ಏನಾಗಿತ್ತು ಅಂತ ಯಾರೂ ನೋಡಿರಲ್ಲ.

ಮೊದ್ಲು ಬ್ಯಾಕಪ್. ಅದೇ ಡಿಸ್ಕಿನ ಡಿ ಡ್ರೈವಿಗಲ್ಲ, ಬೇರೆ ಡಿಸ್ಕಿಗೆ.

ಎರಡ್ನೇದೇ ಎಲ್ಲಾರೂ ಕೆಡಿಸೋ ಹಂತ. ಮತ್ತೆ ಹ್ಯಾಂಗ್ ಆದ ತಕ್ಷಣ ಬಟನ್ ಮುಟ್ಟಬ್ಯಾಡ್ರಿ. ಸ್ಕ್ರೀನ್ ಮೂಲೇಲಿರೋ ಗಡಿಯಾರ ನೋಡ್ರಿ, ಅದೂ ನಿಂತಿದ್ರೆ ಅದು ತೋರಿಸ್ತಿರೋದೇ ಹ್ಯಾಂಗ್ ಆದ ಟೈಮು, ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ರಿ. ಆಮೇಲೆ ಕೀಬೋರ್ಡಲ್ಲಿ ನಮ್ ಲಾಕ್ (Num Lock) ಕೀ ಒತ್ರಿ, ಲೈಟ್ ಹತ್ತಿ ಆರುತ್ತಾ? ಮೂರ್ನೇದು, ಪಕ್ಕದ ಸಿಸ್ಟಮ್‌ನಿಂದ ಸರ್ವರ್‌ಗೆ ಪಿಂಗ್ ಮಾಡ್ರಿ, ಅಂದ್ರೆ ನೆಟ್‌ವರ್ಕಲ್ಲಿ "ಇದೀಯಾ?" ಅಂತ ಕೇಳೋ ping ಕಮಾಂಡು. ಸರ್ವರ್ ಚೆನ್ನಾಗಿದ್ದಾಗಲೇ ಒಂದ್ಸಲ ಪಿಂಗ್ ಮಾಡಿ ನೋಡ್ಕೊಂಡಿರ್ಬೇಕು, ಯಾಕಂದ್ರೆ ಫೈರ್‌ವಾಲ್ ತಡೀತಿದ್ರೆ ಯಾವತ್ತೂ ಉತ್ತರ ಬರಲ್ಲ, ನೀವು ಸುಮ್ನೆ ಸರ್ವರ್ ಸತ್ತೋತು ಅಂದ್ಕೊಂತೀರ. ನಾಲ್ಕ್ನೇದು, ಡಿಸ್ಕ್ ಲೈಟ್ ಆರದೆ ಉರೀತೈತಾ, ಮಿಣಕ್ ಮಿಣಕ್ ಅಂತೈತಾ, ಪೂರ್ತಿ ಆರೈತಾ ಅಂತ ಬರ್ಕೊಳ್ರಿ. ಸಾವ್ಕಾರ್ರು ಬಿಲ್ ನಿಂತೋತು ಅಂತ ಕೂಗ್ತಿದ್ರೂ ಒಂದೈದ್ ನಿಮಿಷ ಕಾಯ್ರಿ. ತಾನಾಗೇ ಎದ್ದು ಕೂತ್ರೆ ಅದೇ ದೊಡ್ಡ ಸುಳಿವು.

ಸರ್ವರ್ ಸ್ಕ್ರೀನಲ್ಲಿ ಎಲ್ಲಾ ಓಡ್ತಾ ಇದ್ದು ಬೇರೆಯವ್ರಿಗೆ ಮಾತ್ರ ಸಿಗ್ತಿಲ್ಲ ಅಂದ್ರೆ ಅದು ಹ್ಯಾಂಗೇ ಅಲ್ಲ, ಸ್ವಿಚ್ಚೋ ಕೇಬಲ್ಲೋ ನೋಡ್ರಿ, ನೆಟ್‌ವರ್ಕ್ ಕಾರ್ಡಿನ ಪವರ್ ಸೇವಿಂಗ್ ಟಿಕ್ ತೆಗೀರಿ, ಮುಗೀತು. ಪಿಂಗ್ ಬರ್ತೈತಿ, ನಮ್ ಲಾಕ್ ಹತ್ತುತ್ತೈತಿ, ಆದ್ರೆ ಯಾವ ಪ್ರೋಗ್ರಾಮೂ ಓಪನ್ ಆಗ್ತಿಲ್ಲ ಅಂದ್ರೆ ವಿಂಡೋಸ್ ಬದುಕೈತಿ, ಡಿಸ್ಕಿಗೆ ಕಾಯ್ತಾ ಕೂತೈತಿ, ಇಲ್ಲಾ ಮೆಮೊರಿ ತುಂಬಿ ಒದ್ದಾಡ್ತೈತಿ. ಪಿಂಗೂ ಇಲ್ಲ, ನಮ್ ಲಾಕ್ ಲೈಟೂ ಬದಲಾಗ್ತಿಲ್ಲ, ಗಡಿಯಾರವೂ ನಿಂತೈತಿ ಅಂದ್ರೆ ಹಾರ್ಡ್‌ವೇರ್ ಕಡೆ ಅನುಮಾನ ಪಡ್ರಿ. ರ‍್ಯಾಮು, ಎಸ್‌ಎಂಪಿಎಸ್ಸು (ಡಬ್ಬದೊಳಗಿನ ಪವರ್ ಸಪ್ಲೈ), ಮದರ್‌ಬೋರ್ಡು. ಅಪರೂಪಕ್ಕೆ ಡ್ರೈವರ್ರೂ ಹಿಂಗ್ ಮಾಡ್ತಾವೆ.

ಈಗ ರೀಸ್ಟಾರ್ಟ್ ಮಾಡಿ ಈವೆಂಟ್ ವ್ಯೂವರ್ (ಏನೇನಾತು ಅಂತ ವಿಂಡೋಸ್ ಬರೆದಿಟ್ಟಿರೋದನ್ನ ತೋರ್ಸೋ ಪ್ರೋಗ್ರಾಮು) ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಇಲ್ಲಿ ಕೆಂಪಗೆ ಕಾಣೋ ಕರ್ನಲ್-ಪವರ್ 41 ನೋಡಿ ಜನ ಮೋಸ ಹೋಗ್ತಾರೆ, "ಪವರ್ ಪ್ರಾಬ್ಲಮ್ ಸಾರ್, ಯುಪಿಎಸ್ ಬದಲಾಯಿಸ್ರಿ" ಅನ್ನೋರೆಲ್ಲ ಇದನ್ನೇ ತೋರ್ಸೋದು. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗೈತಿ ಅಂತಷ್ಟೇ ಅದ್ರ ಅರ್ಥ, ನೀವೇ ಬಟನ್ ಒತ್ತಿ ಹಿಡಿದಿದ್ಕೂ ಅದೇ ಬರುತ್ತೆ. ಅದನ್ನ ಬಿಟ್ಟು ಫೋಟೋದಲ್ಲಿರೋ ಟೈಮಿಗಿಂತ ಸ್ವಲ್ಪ ಹಿಂದೆ ಏನೈತಿ ಅಂತ ಹುಡುಕ್ರಿ. ಡಿಸ್ಕ್ ಹೆಸರಲ್ಲಿ ಈವೆಂಟ್ ಐಡಿ 7 ಇದ್ರೆ ಬ್ಯಾಡ್ ಬ್ಲಾಕ್, ಅಂದ್ರೆ ಡಿಸ್ಕಲ್ಲಿ ಕೆಟ್ಟ ಜಾಗ. 153 ಅಂದ್ರೆ ವಿಂಡೋಸ್ ಡಿಸ್ಕಿಗೆ ಕೇಳಿದ್ದನ್ನೇ ಮತ್ತೆ ಕೇಳ್ಬೇಕಾತು ಅಂತ, 129 ಅಂದ್ರೆ ಡಿಸ್ಕ್ ಉತ್ರ ಕೊಡದೆ ರೀಸೆಟ್ ಮಾಡ್ಬೇಕಾತು ಅಂತ. ವೀಯಾ-ಲಾಗರ್ (WHEA-Logger) ಕಂಡ್ರೆ ಹಾರ್ಡ್‌ವೇರೇ ತಪ್ಪು ಒಪ್ಕೊಂಡಂಗೆ.

ಡಿಸ್ಕ್ ಅನುಮಾನ ಬಂದ್ರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ರಿ, ಡಿಸ್ಕಿನ ಆರೋಗ್ಯ ತೋರ್ಸೋ ಪ್ರೋಗ್ರಾಮು, ಫ್ರೀ ಐತಿ. ಮೇಲಿನ 'ಗುಡ್' ಅನ್ನೋ ನೀಲಿ ಡಬ್ಬಿ ನಂಬಬ್ಯಾಡ್ರಿ, ಹಾರ್ಡ್ ಡಿಸ್ಕ್ ಆಗಿದ್ರೆ 05, ಸಿ5, ಸಿ7 ಸಾಲು ನೋಡ್ರಿ. 05 ಸೊನ್ನೆ ಇಲ್ಲ ಅಂದ್ರೆ ಕೆಟ್ಟ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಬದಲಿಗೆ ಡಿಸ್ಕೇ ಬೇರೆ ಜಾಗ ಕೊಟ್ಟೈತಿ, ಸಿ5 ಸೊನ್ನೆ ಇಲ್ಲ ಅಂದ್ರೆ ಓದೋಕಾಗದ ಸೆಕ್ಟರ್‌ಗಳು ಐತೆ. ಸಿ7 ಏರ್ತಿದ್ರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಟಾ ಕೇಬಲ್ ಬದಲಾಯಿಸ್ರಿ, ಹಳೇ ಸಂಖ್ಯೆ ಹಂಗೇ ಉಳಿಯುತ್ತೆ, ಮತ್ತೆ ಏರದಿದ್ರೆ ಸಾಕು. ಡೆಸ್ಕ್‌ಟಾಪ್ ಡಿಸ್ಕುಗಳು ಕೆಟ್ಟ ಸೆಕ್ಟರ್ ಸಿಕ್ಕಿದ್ರೆ ಬಿಡದೆ ಓದೋಕೆ ಒದ್ದಾಡ್ತಾವೆ, ವಿಂಡೋಸ್ ಸಾಮಾನ್ಯವಾಗಿ 60 ಸೆಕೆಂಡ್‌ವರ್ಗೂ ಕಾಯುತ್ತೆ, ಒಂದ್ ನಿಮಿಷ ನಿಂತು ತಾನಾಗೇ ಎದ್ದು ಕೂರೋ ಸರ್ವರ್ ಗುಟ್ಟು ಎಷ್ಟೋ ಸಲ ಇಷ್ಟೇ. ಸರ್ವರ್‌ಗೆ ಅಂತಾನೇ ಮಾಡಿರೋ ಡಿಸ್ಕ್ ತಗೊಳ್ರಿ, ದುಡ್ಡು ಜಾಸ್ತಿ ಆದ್ರೂ. ಹೆಸರೇ ಕೇಳದ ಕಂಪನಿಯ ಅಗ್ಗದ ಎಸ್‌ಎಸ್‌ಡಿ ಬ್ಯಾಡವೇ ಬ್ಯಾಡ. ಪಿಸಿ ಬೂಸ್ಟರು, ರಿಜಿಸ್ಟ್ರಿ ಕ್ಲೀನರು ಇದ್ರೆ ಇವತ್ತೇ ಕಿತ್ತಾಕ್ರಿ, ಎರಡೆರಡು ಆಂಟಿವೈರಸ್ ಇದ್ರೆ ಒಂದನ್ನೂ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಪ್ಲಸ್ ರಾತ್ರಿ ಪೂರ್ತಿ ಓಡಿಸ್ರಿ. ಒಂದೇ ಒಂದು ಎರರ್ ಬಂದ್ರೂ ಒಂದೊಂದೇ ಕಡ್ಡಿ ಇಟ್ಟು ಮತ್ತೆ ಓಡಿಸ್ರಿ. ರಬ್ಬರ್ ಹಾಕಿ ತಿಕ್ಕಿದ್ರೆ ಸರಿ ಹೋಗುತ್ತೆ ಅಂತಾರಲ್ಲ, ಎಷ್ಟೋ ಸಲ ಸರಿ ಹೋಗೋದು ಕಿತ್ತು ಮತ್ತೆ ಕೂರಿಸಿದ್ದಕ್ಕೆ.

ಮಂಡಕ್ಕಿ ಭಟ್ಟಿ ಹತ್ರ ಆಫೀಸಿದ್ರೆ ಮಸಿ, ಮಿಲ್ ಆದ್ರೆ ತೌಡಿನ ಧೂಳು. ಬ್ಲೋವರ್ ಹೊಡೀರಿ, ಫ್ಯಾನ್ ತಿರುಗದಂಗೆ ಬೆರಳಲ್ಲಿ ಹಿಡ್ಕೊಂಡು. ಆದ್ರೆ ಬಿಸಿಯಾದ ಸಿಪಿಯು ಮೊದ್ಲು ನಿಧಾನ ಆಗುತ್ತೆ, ಆಮೇಲೆ ಪೂರ್ತಿ ಆಫ್ ಆಗುತ್ತೆ, ಗಪ್ಪಂತ ನಿಂತಿದ್ದಕ್ಕೆಲ್ಲ ಏಪ್ರಿಲ್ ಬಿಸಿಲನ್ನೇ ಬೈಯಬ್ಯಾಡ್ರಿ. ಅರ್ಥಿಂಗ್ ನೋಡ್ಸಿ: ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರಲ್ಲಿ ಎರಡ್ಮೂರು ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಎಲೆಕ್ಟ್ರೀಷಿಯನ್ ಕರೀರಿ. ಹ್ಯಾಂಗ್ ಆದ ಟೈಮುಗಳನ್ನ ಗೋಡೆ ಕ್ಯಾಲೆಂಡರಲ್ಲಿ ಬರೀತಾ ಹೋದ್ರೆ, ಮಿಲ್ ಮೋಟರ್ ಶುರುವಾದಾಗ್ಲೇ ಆಗ್ತೈತಾ, ಆಂಟಿವೈರಸ್ ಸ್ಕ್ಯಾನ್ ಟೈಮಿಗೆ ಆಗ್ತೈತಾ ಅಂತ ತಾನಾಗೇ ಗೊತ್ತಾಗುತ್ತೆ.

ಒಂದ್ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮು, ಕೇಬಲ್ಲು, ಎಸ್‌ಎಂಪಿಎಸ್ಸು ಮೂರೂ ಒಂದೇ ದಿನ ಬದಲಾಯಿಸಿದ್ರೆ ಯಾವ್ದ್ರಿಂದ ಸರಿ ಹೋತು ಅಂತ ಗೊತ್ತಾಗಲ್ಲ, ಎರಡರ ದುಡ್ಡು ದಂಡ. ವಾರಕ್ಕೊಂದ್ಸಲ ನಿಲ್ತಿದ್ದ ಸರ್ವರ್ ಎರಡು ದಿನ ಓಡಿದ್ರೆ ರಿಪೇರಿ ಆತು ಅಂತಲ್ಲ, ಮೂರು ವಾರ ನಿಲ್ದೆ ಓಡ್ಲಿ. ರಿಪೇರಿಯವ್ರಿಗೆ ಪೂರ್ತಿ ದುಡ್ಡು ಅಲ್ಲೀತನಕ ಕೊಡಬ್ಯಾಡ್ರಿ.