ತುಘಲಕನ ಕಾಲು ನಿಂತ ಹೊತ್ತು

ತಾಲೀಮಿನ ಮೊದಲ ಹದಿನೈದು ದಿನ ನಾನು ಚೆನ್ನಾಗಿಯೇ ಅತ್ತೆ. ಕಣ್ಣೀರು ನನಗೆ ಬೇಗ ಬರುತ್ತದೆ. ನಿರ್ದೇಶಕರದು ಮಾತ್ರ ದಿನಾ ಒಂದೇ ತಕರಾರು: "ಅಳ್ಲಾಕತ್ತೀರಿ, ಖರೆ ಅದ. ಸುಲ್ತಾನ ಎಲ್ಲಿ ಹೋದ್ನರಿ?"

ಗಿರೀಶ ಕಾರ್ನಾಡರ ನಾಟಕ 'ತುಘಲಕ್' (1964), ಹತ್ತನೆಯ ದೃಶ್ಯ. ದಿಲ್ಲಿಯ ಸುಲ್ತಾನ ತುಘಲಕ ನಾನು. ಮಂತ್ರಿ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಸುಲ್ತಾನನ ಮಲತಾಯಿ ಒಪ್ಪಿಕೊಳ್ಳುತ್ತಾಳೆ. ಕಲ್ಲು ಹೊಡೆದು ಸಾಯಿಸಿ ಎಂದು ಸುಲ್ತಾನ ಆಜ್ಞೆ ಮಾಡುತ್ತಾನೆ. ಅವಳನ್ನು ಎಳೆದೊಯ್ದ ಮೇಲೆ ಒಬ್ಬನೇ ಮೊಣಕಾಲೂರಿ ದೇವರನ್ನು ಬೇಡುತ್ತಾನೆ. ರಾಜ್ಯದಲ್ಲಿ ನಮಾಜು ನಿಲ್ಲಿಸಿದವನೇ ಅವನು! ಆಮೇಲೆ ಬಂದ ಇತಿಹಾಸಕಾರ ಬರನಿಯ ಮುಂದೆ, ನನ್ನ ಆಜ್ಞೆ ನಾನೇ ಮುರಿದೆ, ಕಾಲು ನನ್ನನ್ನು ಹೊರಲಿಲ್ಲ ಅನ್ನುವ ಅರ್ಥದ ಮಾತಾಡುತ್ತಾನೆ.

ಈ ಕಾಲಿನ ಮಾತನ್ನು ನಾನು ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ವರ್ಷ ಮೊಹರಮ್ಮಿಗೆ ಊರಿಗೆ ಹೋದೆ. ನಮ್ಮದು ಅಫಜಲಪುರ ಕಡೆಯ ಹಳ್ಳಿ. ಕತ್ತಲ ರಾತ್ರಿ ಬೆಂಕಿಯ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್, ಅಂದರೆ ಮೊಹರಮ್ಮಿನ ಪದ, ಹಾಡುವವರಲ್ಲಿ ಅರ್ಧಕ್ಕರ್ಧ ಹಿಂದೂಗಳೇ. ಕರ್ಬಲಾದ ನೀರಡಿಕೆ, ಹಸೇನ ಹುಸೇನರ ದುಃಖ, ಎಲ್ಲವೂ ನಮ್ಮ ಕನ್ನಡದಲ್ಲಿ. ಚಿಕ್ಕಂದಿನಿಂದ ನೋಡಿದ್ದೇ, ಆದರೆ ಆ ರಾತ್ರಿ ನನ್ನ ಕಣ್ಣು ಅವರ ಪಾದದ ಮೇಲಿತ್ತು. ಕೊರಳು ಎಷ್ಟೇ ಅಳಲಿ, ಹೆಜ್ಜೆ ತಪ್ಪುವುದಿಲ್ಲ. ಒಬ್ಬ ಮುದುಕ ಮಾತ್ರ ನಡುವೆ ತಟ್ಟನೆ ನಿಂತುಬಿಟ್ಟ. ಅವನು ಅಳುತ್ತಲೂ ಇರಲಿಲ್ಲ. ಸುಮ್ಮನೆ ನಿಂತಿದ್ದ. ಅಕ್ಕಪಕ್ಕದವರು ಓಡಿಬಂದು ತೋಳು ಹಿಡಿದರು.

ಕಲಬುರಗಿಗೆ ಮರಳಿ ಇಡೀ ಪಾತ್ರವನ್ನೇ ಬಿಚ್ಚಿ ಕಟ್ಟಿದೆ. ಮೊದಲ ದೃಶ್ಯದಿಂದಲೂ ನನ್ನ ತುಘಲಕ ಒಂದು ಕಡೆ ನಿಲ್ಲುವವನಲ್ಲ. ನಾಲ್ಕು ಹೆಜ್ಜೆ, ಒಂದು ತಿರುವು. ಚದುರಂಗದ ಮುಂದೆ ಕೂತಾಗಲೂ ಹಿಮ್ಮಡಿ ತಾಳ ಹಾಕುತ್ತಿರಬೇಕು. ಮಲತಾಯಿ ಮರೆಯಾದಾಗ ಕಾಲು ನಿಲ್ಲುತ್ತದೆ. ಮನಸ್ಸಿನಲ್ಲಿ ಏಳು ಎಣಿಸುತ್ತೇನೆ. ಆಮೇಲೆ ಎಡ ಮೊಣಕಾಲು ಮೊದಲು, ಬಲದ್ದು ತಡವಾಗಿ. (ಒಳಗೆ ಕ್ರಿಕೆಟ್ ಆಡುವ ಹುಡುಗರ ಪ್ಯಾಡು ಕಟ್ಟಿಕೊಂಡಿರುತ್ತೇನೆ. ಹಲಗೆಯ ಮೇಲೆ ಬರೀ ಮೊಣಕಾಲಲ್ಲಿ ಬೀಳುವ ಶೌರ್ಯ ಒಂದು ವಾರ ಮಾಡಿ ಸಾಕಾಗಿತ್ತು.)

ದನಿಗೂ ಊರೇ ದಾರಿ ತೋರಿಸಿತು. ರಿವಾಯತಿನಲ್ಲಿ ಮುಂದೆ ಹಾಡುವವನು ಸಾಲಿನ ಕೊನೆಯನ್ನು ಸಡಿಲ ಬಿಡುತ್ತಾನೆ, ಮೇಳ ಅದನ್ನು ಎತ್ತಿಕೊಳ್ಳುತ್ತದೆ. ಪ್ರಾರ್ಥನೆಯ ಒಂದೊಂದು ಮಾತನ್ನೂ ಹಾಗೇ ಸಡಿಲ ಬಿಟ್ಟು ಕಾದೆ. ಎತ್ತಿಕೊಳ್ಳುವ ಮೇಳ ಇಲ್ಲ. ಬಿಕ್ಕಳಿಕೆ ಒಂದೂ ಇಟ್ಟುಕೊಳ್ಳಲಿಲ್ಲ. "ಈಗ ಬಂದ ನೋಡ್ರಿ ಸುಲ್ತಾನ" ಅಂದರು ನಿರ್ದೇಶಕರು. ಹಗಲೆಲ್ಲ ಲೆಕ್ಕ ಬರೆದು ಸಂಜೆ ತುಘಲಕನಾಗಿ ತಾಮ್ರದ ನಾಣ್ಯ ಹೊರಡಿಸಿ ಖಜಾನೆ ಮುಳುಗಿಸುವ ನನ್ನಂಥವನಿಗೆ ಅಷ್ಟು ಸಾಕು.

ಮೊದಲ ಪ್ರಯೋಗ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ. ಕಲಬುರಗಿಗೆ ಈ ದೊರೆ ಪರಕೀಯನಲ್ಲ. ಅವನ ವಿರುದ್ಧದ ದಂಗೆಯಿಂದಲೇ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಇಲ್ಲಿನ ದರ್ಗಾದಲ್ಲಿ ಮಲಗಿರುವ ಸೂಫಿ ಸಂತ ಬಂದೇ ನವಾಜರು ಎಳೆತನದಲ್ಲಿ, ಅವನು ರಾಜಧಾನಿ ಸಾಗಿಸಿದ ಕಾಲಕ್ಕೆ, ದಿಲ್ಲಿಯಿಂದ ದೌಲತಾಬಾದಿಗೆ ಹೋದವರು. ಅದಕ್ಕೋ ಏನೋ, ಆ ಏಳು ಎಣಿಕೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಎರಡನೇ ಪ್ರಯೋಗ ಬಯಲಲ್ಲಿ. ಮೊಣಕಾಲೂರಿದ್ದೇ ತಡ, ಹೊರಗಿನ ಮಸೀದಿಯಿಂದ ಇಶಾ, ಅಂದರೆ ರಾತ್ರಿ ನಮಾಜಿನ, ಆಜಾನ್! ಏನೂ ತೋಚದೆ ಅದು ಮುಗಿಯುವವರೆಗೆ ಹಾಗೇ ಕೂತೆ. ಬರನಿ ಪಕ್ಕದ ಪರದೆ ಹಿಡಿದು ನಿಂತಿದ್ದ. ನಾಟಕ ಮುಗಿದ ಮೇಲೆ ಬಂದವರೆಲ್ಲ "ಏನ್ ಕೂಡಿಬಂತ್ರೀ!" ಅಂದರು. ನಿರ್ದೇಶಕರಿಗೆ ಸಿಟ್ಟು: ನಮಾಜೇ ಇಲ್ಲದ ರಾಜ್ಯದಲ್ಲಿ ಆಜಾನ್ ಎಲ್ಲಿಂದ? ಅದು ಬೇಕಾದದ್ದು ಆರನೆಯ ದೃಶ್ಯಕ್ಕೆ, ನಮಾಜಿನ ಹೊತ್ತಲ್ಲಿ ಸುಲ್ತಾನನನ್ನು ಕೊಲ್ಲಲು ನೋಡುವಲ್ಲಿಗೆ.

ಮೂರನೇ ಪ್ರಯೋಗ ಅದೇ ಬಯಲಲ್ಲಿ. ಗಡಿಯಾರ ನೋಡಿ, ಲೆಕ್ಕ ಹಾಕಿ ಮುಕ್ಕಾಲು ತಾಸು ತಡವಾಗಿ ಶುರು ಮಾಡಿದೆವು. ಆಜಾನ್ ಐದನೆಯ ದೃಶ್ಯದಲ್ಲಿ ಬಂತು, ಪಿತೂರಿಗಾರರಲ್ಲೊಬ್ಬನಾದ ರತನಸಿಂಗ ನಮಾಜಿನ ಹೊತ್ತಲ್ಲಿ ಕೊಲ್ಲುವ ಆ ಉಪಾಯ ಹೇಳಲು ಇನ್ನೂ ಬಾಯಿ ತೆರೆಯುತ್ತಿದ್ದಾಗ.